ಸೂಜಿಮೊನೆಯಷ್ಟು ಜಾಗ

ಮಾತೋಸಿನ್ಯೋಸ್‌ನ ಬಂದರು ಬೀದಿಯಲ್ಲಿ
ನಾನು ಕೆಲಸ ಮಾಡುವ ಔಷಧಿ ಅಂಗಡಿ.
ಮುಂದೆ ಮಾರುತ್ತೇವೆ.
ಹಿಂದೆ, ತೂಕದ ಯಂತ್ರದ ಪಕ್ಕ,
ಮರಳಿ ತೆಗೆದುಕೊಳ್ಳುವ ಡಬ್ಬ:
ಅಂಚೆಪೆಟ್ಟಿಗೆಯಂಥ ಸೀಳುಬಾಯಿ,
ಚಾವಿ ನನ್ನ ಸೊಂಟದಲ್ಲಿ.

ಶನಿವಾರ ಜನ ಬರುತ್ತಾರೆ
ಮೀನುವಾಸನೆಯ ಚೀಲಗಳಲ್ಲಿ ಅಲಮಾರು ಖಾಲಿ ಮಾಡಿಕೊಂಡು.
ಮುಚ್ಚಳ ಅಂಟಿಹೋದ ಕೆಮ್ಮಿನ ಸಿರಪ್ಪು,
ವಾಯಿದೆ ಮುಗಿದ ಕಣ್ಣಿನ ಹನಿ,
ಹತ್ತರ ಪಟ್ಟಿಯಲ್ಲಿ ಮೂರೇ ಒಡೆದ ಗುಳಿಗೆ.
ನಾಲ್ಕನೆಯದಕ್ಕೆ ಮೊದಲೇ ವಾಸಿಯಾಯಿತೋ
ಅಥವಾ...
ನಾನು ಕೇಳುವುದಿಲ್ಲ.

ದೋಣಿ ರಿಪೇರಿಯ ಬೆಲ್ಮಿರು ತಂದದ್ದು
ಹೆಂಡತಿಯ ನೋವಿನ ಪಟ್ಟಿಗಳು, ಹನ್ನೊಂದು, ಬಿಚ್ಚದವು.
ಒಂದೊಂದಾಗಿ ಇಳಿಬಿಟ್ಟ.
ಹತ್ತು ಎಣಿಸಿದೆ.
ಹನ್ನೊಂದನೆಯದನ್ನು ಜೇಬಿಗಿಟ್ಟು ಬಾಗಿಲವರೆಗೆ ಹೋದವನು
ತಿರುಗಿ ಬಂದ.
"ಅಂಟಿಸುವ ಮುಂಚೆ ಅಂಗೈಯಲ್ಲಿ
ಸ್ವಲ್ಪ ಬೆಚ್ಚಗೆ ಮಾಡುತ್ತಿದ್ದೆ" ಎಂದ.
ಅಷ್ಟೇ.

ಡಬ್ಬದ ಮೇಲೊಂದು ಚೀಟಿ: ಸೂಜಿ ಹಾಕಬೇಡಿ.
ಮತ್ತೆಲ್ಲಿ ಹಾಕಬೇಕು
ಚೀಟಿ ಹೇಳುವುದಿಲ್ಲ.

ಅನ್ಸೆಲ್ಮು, ನಾಲ್ಕನೇ ಮಹಡಿಯ ಮುದುಕ, ಸಕ್ಕರೆ ಕಾಯಿಲೆ,
ಒಂದೂವರೆ ಲೀಟರಿನ ನೀರಿನ ಬಾಟಲಿ ತಂದ,
ಕುತ್ತಿಗೆವರೆಗೂ ಸೂಜಿ.
"ಮೂರು ತಿಂಗಳದ್ದು" ಎಂದ
ಉಳಿತಾಯದ ಪುಸ್ತಕ ತೋರಿಸುವವನ ಹಾಗೆ.
ನಾನು ಚೀಟಿ ತೋರಿಸಿದೆ.
ಕನ್ನಡಕ ತಡಕಿ, ಓದಿ,
ತಾನೇ ಕ್ಷಮೆ ಕೇಳಿ,
ಬಾಟಲಿ ಕಂಕುಳಲ್ಲಿಟ್ಟು ಹೊರಟ.
ಬೀದಿ ತುದಿಯಲ್ಲಿ ಮೂರು ತೊಟ್ಟಿ:
ಹಸಿರಿಗೆ ಗಾಜು, ನೀಲಿಗೆ ಕಾಗದ, ಹಳದಿಗೆ ಪ್ಲಾಸ್ಟಿಕ್.
ಬಾಟಲಿ ಪ್ಲಾಸ್ಟಿಕ್ಕೇ ತಾನೆ.

ಹಳದಿ ತೊಟ್ಟಿ ಹೋಗುವುದು ಊರಾಚೆಯ ಶೆಡ್ಡಿಗೆ.
ಅಲ್ಲಿ ಓಡುವ ಬೆಲ್ಟಿನ ಮುಂದೆ ನಿಂತು
ಬಣ್ಣಬಣ್ಣದ ಕಸದಿಂದ ಬಾಟಲಿ ಹೆಕ್ಕುವವಳು ಗ್ರಾಸಿಯೆತ್.
ಕೈಗೆ ಎರಡು ಪದರ ಗವಸು.
ಒಂದು ಗುರುವಾರ ಒಂದು ಬಾಟಲಿ ಬಿರಿದಿತ್ತು.
ಸೂಜಿಗೆ ಎರಡು ಪದರ ಯಾವ ಲೆಕ್ಕ.

ಆಸ್ಪತ್ರೆಯ ಮಾತ್ರೆಗೆ ಹೊಟ್ಟೆ ತೊಳಸುತ್ತದೆಂದು
ಅದಕ್ಕೊಂದು ಮಾತ್ರೆ ಕೇಳಲು ಬಂದಳು,
ತೋರುಬೆರಳಿಗೆ ಬಿಳಿ ಟೋಪಿ.
ಆರು ವಾರಕ್ಕೆ ರಕ್ತ, ಮೂರು ತಿಂಗಳಿಗೆ ರಕ್ತ,
ಆರು ತಿಂಗಳಿಗೆ ಇನ್ನೊಮ್ಮೆ.
ಮಗಳಿಗೆ ಬೇರೆ ಲೋಟ ಇಟ್ಟಿದ್ದಾಳಂತೆ.
ಬೇಕಿಲ್ಲ, ಎಂದೆ.
ಗೊತ್ತು, ಎಂದಳು.
"ಯಾರದೋ ಏನೋ. ಪಾಪ,
ಅವರಿಗೂ ಎಸೆಯಲು ಒಂದು ಜಾಗ ಬೇಕಲ್ಲ."

ನಾನು ಚಿಲ್ಲರೆ ಎಣಿಸುತ್ತಿದ್ದೆ.
ಎರಡು ಸಲ ತಪ್ಪಿತು.
ಅದೇ ಬಾಟಲಿ ಎಂದು ಹೇಳುವವರಿಲ್ಲ,
ಅಲ್ಲ ಎಂದು ಹೇಳುವವರೂ ಇಲ್ಲ.

ಆ ವಾರ ಆರೋಗ್ಯ ಕೇಂದ್ರಕ್ಕೆ ಮೂರು ಸಲ ಹೋದೆ.
ಅದು ನಮ್ಮ ವಿಭಾಗವಲ್ಲ.
ಅದಕ್ಕೆ ಅರ್ಜಿ ನಮೂನೆಯಿಲ್ಲ.
ಮೂರನೇ ಸಲ ಕಿಟಕಿಯಾಚೆಯ ಹೆಂಗಸು
ಎಷ್ಟು ಜಾಗ ಬೇಕು ಹೇಳಿ, ಎಂದಳು, ಬೇಸತ್ತು.
ಸೂಜಿಮೊನೆಯಷ್ಟು, ಎಂದೆ.
ನಗಲಿಲ್ಲ ಅವಳು.
ಎದ್ದು ಹೋಗಿ ಗಟ್ಟಿ ಡಬ್ಬವೊಂದನ್ನು ತಂದಳು,
ಒಳಗೆ ಹೋದದ್ದು ಹೊರಗೆ ಬಾರದ ಮುಚ್ಚಳ.
"ತುಂಬಿದರೆ ತನ್ನಿ. ನಾನಿರುತ್ತೇನೆ."

ಸಣ್ಣದೊಂದನ್ನು ಹಿಡಿದು ಅನ್ಸೆಲ್ಮುವಿನ ನಾಲ್ಕು ಮಹಡಿ ಹತ್ತಿದೆ.
ಅಡುಗೆಮನೆಯ ಮೇಜಿನ ಕೆಳಗೆ
ಹೊಸ ಬಾಟಲಿ, ಕಾಲು ಭಾಗ ತುಂಬಿದ್ದು.
ಮೊದಲನೆಯದನ್ನು ಏನು ಮಾಡಿದಿರಿ?
ಕೇಳಬೇಕೆಂದೇ ಹತ್ತಿದ್ದೆ.
ಕಾಫಿ ಕೊಟ್ಟ, ತನಗೆ ಸಕ್ಕರೆಯಿಲ್ಲದೆ,
ನನಗೆ ಎರಡು ಚಮಚ.
ಕುಡಿದು ಇಳಿದೆ.

ನವೆಂಬರಿನಲ್ಲಿ ಗ್ರಾಸಿಯೆತ್ ಬಂದಳು, ಕೈಯಲ್ಲಿ ಲಕೋಟೆ,
ಬಿಚ್ಚಿದ್ದು, ಮಡಚಿದ್ದು, ಮತ್ತೆ ಬಿಚ್ಚಿದ್ದು.
"ಏನೂ ಇಲ್ಲ" ಎಂದಳು. "ಏನೇನೂ ಇಲ್ಲ."
ಉಳಿದ ಮಾತ್ರೆಗಳನ್ನು ಸೀಳುಬಾಯಿಗೆ ಸುರಿದು
ಹಿಂದೆಯೇ ಲಕೋಟೆಯನ್ನೂ ತುರುಕಲು ಹೋದಾಗ
ಅಭ್ಯಾಸಬಲದಿಂದ ಬಾಯಿಬಿಟ್ಟೆ:
ಕಾಗದ ನೀಲಿ ತೊಟ್ಟಿಗೆ.

"ನನಗೇ ಹೇಳ್ತೀಯಾ?" ಎಂದಳು ಗ್ರಾಸಿಯೆತ್.